ಮಾಲಿನ್ ಜಿಗಿತ, ಚಾರ್ವಿಯ ಎಡಗಾಲು

ಕಳೆದ ಶನಿವಾರ ನನ್ನ ಮಗಳ ಲಾಂಗ್ ಜಂಪನ್ನು ನಾನೇ ಕೆಡಿಸಿದೆ. ಅದೂ ಒಂದೇ ಒಂದು ಮಾತಿನಲ್ಲಿ.

ಪಾರ್ಕಿಂಗ್ ಲಾಟ್‌ನಲ್ಲಿ ಕಾರು ನಿಲ್ಲಿಸಿ, ನೀರಿನ ಬಾಟಲ್ ಅವಳ ಕೈಗೆ ಕೊಡುತ್ತಾ, "ಓಡೋಕೆ ಶುರು ಮಾಡ್ತೀಯಲ್ಲ, ಮೊದಲು ಬಲಗಾಲಿಡು ಪುಟ್ಟಿ, ಒಳ್ಳೇದಾಗತ್ತೆ" ಅಂದೆ. ಹದಿಮೂರು ವರ್ಷದ ಚಾರ್ವಿ ನಾನು ಏನು ಹೇಳಿದರೂ ವಾದ ಮಾಡುವವಳು. ಹಾಲು ಬಿಸಿಯಿದೆ ಅಂದರೂ ವಾದ. ಅವತ್ತು ಮಾತ್ರ "ಓಕೆ ಅಮ್ಮಾ" ಅಂದುಬಿಟ್ಟಳು. ನನಗಾದ ಖುಷಿಯಲ್ಲಿ ಬೇರೇನೂ ತೋಚಲಿಲ್ಲ.

(ನಗಬೇಡಿ. ಹೊಸ ಮನೆಗೆ ಬಲಗಾಲು, ಹೊಸ ಆಫೀಸಿಗೆ ಬಲಗಾಲು, ವಿಮಾನ ಹತ್ತುವಾಗಲೂ ಬಲಗಾಲು. ಕ್ಯಾರೊಲೈನಾದ ನಮ್ಮ ಮಾರಿಸ್‌ವಿಲ್‌ನಲ್ಲಿ ವಿಮಾನದ ಬಾಗಿಲಿಗೆ ಬಂದು ಗಡಿಬಿಡಿಯಲ್ಲಿ ಕಾಲು ಬದಲಿಸುವವಳು ನಾನೊಬ್ಬಳೇ ಅಲ್ಲ ಅಂತ ನನಗೆ ಗೊತ್ತು.)

ಈಗ ಮಾಲಿನ್ ವಿಷಯ ಹೇಳಬೇಕು. ನಮ್ಮ ಟೌನ್‌ಹೌಸ್ ಸಾಲಿನಲ್ಲಿ ಮೂರು ಮನೆ ಆಚೆ ಇರುವ ಸ್ವೀಡನ್ನಿನ ಹೆಂಗಸು. ಐವತ್ತರ ಹತ್ತಿರ. ಫಿಸಿಕಲ್ ಥೆರಪಿಸ್ಟ್. ಕೋವಿಡ್ ಕಾಲದಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡು ಬೀದಿ ಸುತ್ತುತ್ತಿದ್ದಾಗ ಪರಿಚಯವಾದವಳು. ಒಂದು ಕಾಲದಲ್ಲಿ ತನ್ನ ದೇಶದ ಜೆರ್ಸಿ ತೊಟ್ಟು ಲಾಂಗ್ ಜಂಪ್ ಮಾಡುತ್ತಿದ್ದಳು ಅಂತ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಚಾರ್ವಿಗೆ ಜಿಗಿಯುವ ಹುಚ್ಚು ಹಿಡಿಸಿದ್ದು ಅವಳೇ.

ಹೋದ ತಿಂಗಳು ಒಂದು ಸಂಜೆ ಅವಳ ಮನೆ ಮೆಟ್ಟಿಲ ಮೇಲೆ ಮೂವರೂ ಕೂತಿದ್ದೆವು. ಮಿಂಚುಹುಳಗಳು ಹುಲ್ಲಿನಿಂದ ಏಳುವ ಹೊತ್ತು. ಮಾಲಿನ್ ತನ್ನ ಊರಿನ ಬಗ್ಗೆ ಹೇಳುತ್ತಿದ್ದಳು. ಉತ್ತರದ ಒಂದು ಪುಟ್ಟ ಊರು. ಚಳಿಗಾಲದಲ್ಲಿ ಮಧ್ಯಾಹ್ನಕ್ಕೇ ಕತ್ತಲೆ. ಬೇಸಿಗೆಯಲ್ಲಿ ಊಟ ಮುಗಿದು ಊರೆಲ್ಲ ಮಲಗುವ ಹೊತ್ತಾದರೂ ಬಿಸಿಲು. ಆ ಬಿಸಿಲಿನಲ್ಲಿ ಹುಡುಗಿ ಒಬ್ಬಳೇ ಓಡಿ ಓಡಿ ಮರಳಿಗೆ ಜಿಗಿಯುತ್ತಿದ್ದಳಂತೆ. ಆಮೇಲೆ ಸ್ಕಾಲರ್‌ಶಿಪ್ ಸಿಕ್ಕಿ ಕ್ಯಾರೊಲೈನಾಗೆ ಕಾಲೇಜಿಗೆ ಬಂದಳು. ಒಟ್ಟು ಹತ್ತು ಹನ್ನೆರಡು ವರ್ಷ ಜಿಗಿದಳು. ಒಂದಿಷ್ಟು ಮೆಡಲ್, ಎರಡು ಸರ್ಜರಿ.

"ಒಂದು ಸಲ ಲೆಕ್ಕ ಹಾಕಿದ್ದೆ" ಅಂದಳು. "ನನ್ನ ಅಷ್ಟೂ ಜಂಪ್ ಸೇರಿಸಿದರೆ, ನಾನು ಗಾಳಿಯಲ್ಲಿ ಇದ್ದದ್ದು ಇಲ್ಲಿಂದ ಶಾರ್ಲಟ್‌ಗೆ ಡ್ರೈವ್ ಮಾಡುವಷ್ಟು ಹೊತ್ತು. ಉಳಿದದ್ದೆಲ್ಲ ಓಡಿದ್ದು, ಮರಳು ಕೊಡವಿಕೊಂಡಿದ್ದು."

ಎರಡೂವರೆ ಗಂಟೆ! ಇಪ್ಪತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದ್ದೇನಲ್ಲ, ನಾನು ನೆಲ ಬಿಟ್ಟು ಮೇಲೆದ್ದ ಹೊತ್ತು ಎಷ್ಟು? ಒಂದು ಸಿಗ್ನಲ್ ದಾಟುವಷ್ಟಾದರೂ ಇದ್ದೀತಾ?

ಅವಳ ಅತಿ ಉದ್ದದ ಜಿಗಿತ ಯಾವ ದಾಖಲೆಯಲ್ಲೂ ಇಲ್ಲ. ದೊಡ್ಡ ಕೂಟವೊಂದಕ್ಕೆ ಆಯ್ಕೆ ನಡೆಯುತ್ತಿದ್ದ ದಿನ. ಊರಲ್ಲಿ ಬಸ್ ಓಡಿಸುತ್ತಿದ್ದ ಅವಳ ಅಪ್ಪ ಮೊದಲ ಸಲ ರಜೆ ಹಾಕಿ ನೋಡಲು ಬಂದಿದ್ದರು. ಕೊನೆಯ ಜಂಪಿಗೆ ಮುಂಚೆ ಕಂಬಿಯ ಮೇಲೆ ಬಗ್ಗಿ, "ಇನ್ನೂ ಜೋರಾಗಿ ಓಡು" ಅಂದರು. ಓಡಿದಳು. ಹೆಜ್ಜೆ ಹಿಗ್ಗಿತು. ಜಿಗಿಯಲು ಕಾಲೂರುವ ಹಲಗೆಯ ಗೆರೆಯನ್ನು ಕಾಲು ಒಂದು ಉಗುರಿನಷ್ಟು ದಾಟಿತು. ಗೆರೆ ದಾಟಿದರೆ ಕೆಂಪು ಬಾವುಟ. ಎಷ್ಟು ದೂರ ಹಾರಿದರೂ ಅಳೆಯುವುದಿಲ್ಲ. ಅವಳು ಎದ್ದು ನೋಡುವಷ್ಟರಲ್ಲಿ ಮರಳನ್ನು ಎಳೆದು ಸಮ ಮಾಡಿಬಿಟ್ಟಿದ್ದರು. ಆಯ್ಕೆ ತಪ್ಪಿತು. ಮರುವರ್ಷ ಮಂಡಿ ಹೋಯಿತು.

"ಏನಾಯ್ತು ಅಂತ ಅಪ್ಪ ಕೇಳಿದರು. ಗಾಳಿ ಅಂದೆ. ಪಾಪ, ಸಾಯುವವರೆಗೂ ಆ ಗಾಳಿಗೆ ಶಾಪ ಹಾಕುತ್ತಲೇ ಇದ್ದರು" ಅಂತ ಮಾಲಿನ್ ನಕ್ಕಳು. "ಈಗಲೂ ಆ ಜಂಪ್ ಕನಸಿಗೆ ಬರುತ್ತೆ. ಕನಸಿನಲ್ಲಿ ನಾನು ಕೆಳಗೆ ಇಳಿಯುವುದೇ ಇಲ್ಲ." ಚಾರ್ವಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

ಶನಿವಾರಕ್ಕೆ ಬರೋಣ. ಒಬ್ಬೊಬ್ಬರಿಗೆ ಮೂರು ಅವಕಾಶ. ಮೊದಲ ಮೂವರಿಗೆ ಮಾತ್ರ ಜಾರ್ಜಿಯಾದ ಲಾರೆನ್ಸ್‌ವಿಲ್‌ನಲ್ಲಿ ನಡೆಯುವ ಕೂಟಕ್ಕೆ ಹೋಗುವ ಭಾಗ್ಯ. ಮೂರು ತಿಂಗಳಿಂದ ಚಾರ್ವಿಗೆ ಅದೇ ಜಪ. ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ನಕ್ಷತ್ರ ಬೇರೆ ಬರೆದಿದ್ದಳು. ಮರಳಿನ ಪಕ್ಕ, ಮಡಚುವ ಕುರ್ಚಿಯಲ್ಲಿ, ಒಂದು ಕೆಂಪು ಒಂದು ಬಿಳಿ ಬಾವುಟ ಹಿಡಿದು ಕೂತಿದ್ದವಳು ವಾಲಂಟಿಯರ್ ಮಾಲಿನ್.

ಮೊದಲ ಜಂಪ್. ಕೆಂಪು. ಎರಡನೆಯದು. ಮತ್ತೆ ಕೆಂಪು. ಹಲಗೆಯ ಹತ್ತಿರ ಬರುತ್ತಿದ್ದಂತೆ ಅವಳ ಕಾಲು ತಡವರಿಸುತ್ತಿತ್ತು, ಒಂದು ಹೆಜ್ಜೆ ಹೆಚ್ಚಾಗಿ ಗೆರೆ ದಾಟಿಬಿಡುತ್ತಿತ್ತು. ನಾನು ಕಂಬಿಯ ಈಚೆ ನಿಂತು ನೋಡುತ್ತಿದ್ದೆ.

ಮಾಲಿನ್ ಅವಳನ್ನು ಹತ್ತಿರ ಕರೆದು, "ನಿನ್ನ ಹೆಜ್ಜೆಗೆ ಏನಾಯ್ತು?" ಅಂತ ಕೇಳಿದಳು.

ಚಾರ್ವಿ ನನ್ನ ಕಡೆ ಒಮ್ಮೆ ನೋಡಿದಳು. "ಇಟ್ಸ್ ಜಸ್ಟ್ ದ ವಿಂಡ್" ಅಂದಳು.

ಮಾಲಿನ್ ತನ್ನ ಕೈಯ ಬಾವುಟ ನೋಡಿದಳು. ಅದು ಒದ್ದೆ ಟವೆಲ್ಲಿನ ಹಾಗೆ ಜೋತುಬಿದ್ದಿತ್ತು. ಆಮೇಲೆ ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದಳು.

ನನಗೆ ಅಳು ಬಂತು. ಮಾತುಮಾತಿಗೆ ವಾದ ಮಾಡುವವಳು ಅವತ್ತೊಂದು ದಿನ ವಾದ ಮಾಡಿದ್ದರೆ ಏನಾಗುತ್ತಿತ್ತು! "ತಪ್ಪು ನಂದು" ಅಂತ ಒಪ್ಪಿಕೊಂಡು, ಬಲಗಾಲಿನ ಪುರಾಣವನ್ನೆಲ್ಲ ಇಂಗ್ಲಿಷಿನಲ್ಲಿ ಒದರಿದೆ.

ಮಾಲಿನ್ ನಗಲಿಲ್ಲ. "ಬಲಗಾಲು ಎಲ್ಲಿಡಬೇಕು? ಹಳೇ ಮನೆ ಬಿಡುವಾಗಲಾ, ಹೊಸ ಮನೆ ಬಾಗಿಲಲ್ಲಾ?"

"ಹೊಸ ಮನೆ ಬಾಗಿಲಲ್ಲಿ. ಹೊಸ್ತಿಲು ದಾಟುವಾಗ."

"ಹಾಗಿದ್ದರೆ ಈ ಹಲಗೆಯೇ ಹೊಸ್ತಿಲು. ಇವಳು ಹಾರುವುದು ಬಲಗಾಲಿಂದ. ಹನ್ನೆರಡನೇ ಹೆಜ್ಜೆ ಇಲ್ಲಿ ಬಲಗಾಲು ಬೀಳಬೇಕಾದರೆ, ಮೊದಲನೆಯದು ಎಡಗಾಲೇ ಆಗಬೇಕು."

ಇಷ್ಟೇ! (ಕೆಲಸ ಸಾಫ್ಟ್‌ವೇರ್ ಅಂತ ಹೇಳಿಕೊಳ್ಳಲು ಇನ್ನು ಮೇಲೆ ನಾಚಿಕೆ.)

"ಎಡಗಾಲೇ ಇಡು ಕಂದಾ" ಅಂತ ಕೂಗಿದೆ. "ಆರ್ ಯೂ ಶ್ಯೂರ್, ಅಮ್ಮಾ?" ಅಂತ ಕೇಳಿದಳು. ತಲೆಯಾಡಿಸಿದೆ.

ಎಡಗಾಲಿಟ್ಟು ಓಡಿದಳು. ಬಲಗಾಲು ಹಲಗೆಯ ಮೇಲೆ ಠಪ್ಪಂತ ಬಿತ್ತು. ಮೇಲೆದ್ದಳು. ಹಿಂದಿನ ಪೈನ್ ಮರಗಳು, ಆಕಾಶದಲ್ಲಿ ಇಳಿಯುತ್ತಿದ್ದ ವಿಮಾನ, ಅವಳ ಬಿಚ್ಚಿದ ಜಡೆ, ಎಲ್ಲವೂ ನಿಂತೇ ಬಿಟ್ಟ ಹಾಗಿತ್ತು. ಇವಳು ಕೆಳಗೆ ಇಳಿಯದೇ ಹೋದರೂ ಆಶ್ಚರ್ಯವಿಲ್ಲ ಅನ್ನಿಸಿತು. ಅಷ್ಟರಲ್ಲಿ ಮರಳು ಹಾರಿತು. ಬಿಳಿ ಬಾವುಟ.

ನಾಲ್ಕನೆಯ ಸ್ಥಾನ. ಎರಡು ಬೆರಳಿನಷ್ಟು ಕಮ್ಮಿ. ಲಾರೆನ್ಸ್‌ವಿಲ್ ತಪ್ಪಿತು.

ಕಾರಿನಲ್ಲಿ "ಸಾರಿ ಪುಟ್ಟಿ" ಅಂದೆ. "ಇಟ್ಸ್ ಫೈನ್ ಅಮ್ಮಾ" ಅಂದು ಕಿಟಕಿಯ ಕಡೆ ತಿರುಗಿಕೊಂಡಳು. ಮನೆಯಲ್ಲಿ ನನ್ನ ಗಂಡ ಬಾಗಿಲಲ್ಲೇ ಕೇಳಿದ, "ಮೊದಲೆರಡು ಯಾಕೆ ಫೌಲ್ ಆಯ್ತು?" ನಾನು ಬಾಯಿ ತೆರೆಯುವ ಮೊದಲೇ ಚಾರ್ವಿ, "ತುಂಬ ಗಾಳಿ, ಅಪ್ಪಾ" ಅಂದು, ಮರಳು ತುಂಬಿದ ಶೂ ಬಿಚ್ಚಿ ಒಳಗೆ ಹೋದಳು.

ನಾನು ಅಲ್ಲೇ ನಿಂತೆ. ನನ್ನ ಮೊದಲ ಇಂಟರ್‌ವ್ಯೂ ನೆನಪಾಯಿತು. ಮೈಸೂರು. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅಲ್ಲಿರಬೇಕಿತ್ತು. ರಾಹುಕಾಲ ಕಳೆಯಲಿ ಅಂತ ಅಮ್ಮ ಒಂಬತ್ತರವರೆಗೂ ಮನೆಯಲ್ಲೇ ಕೂರಿಸಿದಳು. ನಾನು ತಲುಪುವಷ್ಟರಲ್ಲಿ ನನ್ನ ಹೆಸರು ಕೂಗಿ ಆಗಿತ್ತು. ಸಪ್ಪೆ ಮುಖ ಹಾಕಿಕೊಂಡು ವಾಪಸ್ ಬಂದಾಗ ಅಮ್ಮ "ಏನಾಯ್ತೇ?" ಅಂದಳು. "ಟ್ರಾಫಿಕ್, ಅಮ್ಮ" ಅಂದೆ. ಅಮ್ಮ ಇವತ್ತಿಗೂ ಫೋನಿನಲ್ಲಿ ಆ ಟ್ರಾಫಿಕ್ಕಿಗೆ ಬೈಯುತ್ತಾಳೆ.

ಇಪ್ಪತ್ತೈದು ವರ್ಷದ ಹಿಂದಿನ ಮೈಸೂರಿನಲ್ಲಿ ಎಲ್ಲಿತ್ತು ಟ್ರಾಫಿಕ್?