ಕೂತು ಉಣ್ಣುವ ಜಾಗ

ಪಾಂಡವಪುರದ ಅಂಗಡಿಯಲ್ಲಿ ಊಟದ ಮೇಜಿಗೆ ಹಾಸುವ ರೆಕ್ಸಿನ್ ತೋರಿಸುತ್ತಿದ್ದರು. ಸುರುಳಿ ಬಿಚ್ಚಿದೊಡನೆ ಹೊಸ ರೆಕ್ಸಿನ್ನಿನ ಘಾಟು ಮೂಗಿಗೆ ಹೊಡೆಯಿತು. ಯಾವ ಬಣ್ಣ ಬೇಕೆಂದು ಅಂಗಡಿಯವರು ಕೇಳುತ್ತಿದ್ದರು. ನಾಗಮಂಗಲದಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಓನರಮ್ಮ ನೆನಪಾಗಿಬಿಟ್ಟಿದ್ದರು...

ನಾನಾಗ ಅಲ್ಲಿನ ಶಾಲೆಯೊಂದರಲ್ಲಿ ಗುಮಾಸ್ತೆ. ಕೆಲಸ ಸಿಕ್ಕ ಹೊಸತು, ಊರಲ್ಲಿ ಯಾರ ಪರಿಚಯವೂ ಇರಲಿಲ್ಲ. ಓನರಮ್ಮ ದೇವಲಾಪುರದ ಕಡೆಯ ತುಂಬು ಕುಟುಂಬದಲ್ಲಿ ಮೂವತ್ತು ವರ್ಷ ಸೊಸೆಯಾಗಿ ಬಾಳಿದವರು. ಗಂಡ ತೀರಿಕೊಂಡ ಮೇಲೆ ಪಾಲಿಗೆ ಬಂದದ್ದರಲ್ಲಿ ಆ ಸಣ್ಣ ಮನೆ ಕಟ್ಟಿಸಿಕೊಂಡು ರವಿಕೆ ಹೊಲಿಯುತ್ತಿದ್ದರು. ನನ್ನ ಊಟವೂ ಅವರಲ್ಲೇ.

ಆ ಮನೆಯಲ್ಲಿ ಅವರು ಆಸೆಪಟ್ಟು ಸಿಂಗರಿಸಿದ್ದು ಊಟದ ಜಾಗವೊಂದನ್ನೇ. ಕಿಟಕಿಗೆ ಒತ್ತಿಕೊಂಡಂತೆ ರೆಕ್ಸಿನ್ ಹಾಸಿದ ಮೇಜು, ಎರಡು ಬೆಂಚು. ಗೋಡೆಗೆ ಸೊಂಟದೆತ್ತರಕ್ಕೆ ಹಸಿರು ಎಣ್ಣೆಬಣ್ಣ. ಸಾರು ಸಿಡಿದರೆ ಒರೆಸಿದರಾಯಿತು. ಹಳೆ ರೇಷ್ಮೆ ಸೀರೆಯ ಅಂಚು ಬಿಚ್ಚಿ ಕಿಟಕಿಯ ಪರದೆಗೆ ಹೊಲಿದಿದ್ದರು. ಕನಕಾಂಬರವಿಟ್ಟ ಚೊಂಬು ಮಾತ್ರ ಕಿಟಕಿಯ ಕಟ್ಟೆಯ ಮೇಲೆ.

"ಮೇಜಿನ ಮ್ಯಾಲೆ ಹೂವಿಟ್ರೆ ಮುದ್ದೆ ತಟ್ಟೆ ಎಲ್ಲಿಡನ? ನೋಡಾಕಲ್ಲ ಕಣವ್ವ, ದಿನಾ ಉಣ್ಣಾಕೆ ಮಾಡಿರೋದು," ಅನ್ನುತ್ತಿದ್ದರು.

ಸೊಸೆಯಾಗಿದ್ದಷ್ಟು ಕಾಲ ಅವರು ಉಂಡದ್ದು ಅಡುಗೆಮನೆಯ ಬಾಗಿಲ ಹಿಂದೆ, ಗಂಡಸರದ್ದೆಲ್ಲ ಮುಗಿದ ಮೇಲೆ. ಇಲ್ಲಿ ಮಾತ್ರ ನಾನೆಷ್ಟು ತಡಮಾಡಿ ಬಂದರೂ ಕಾದಿದ್ದು, ಜೊತೆಗೆ ಕೂರಿಸಿಕೊಂಡೇ ಉಣ್ಣುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಅವರ ಗಂಡನ ಅಣ್ಣ ಬಂದರು, ಮಗಳ ಮದುವೆಗೆ ಕರೆಯಲು. ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವರು ಓನರಮ್ಮನೇ. ಧಾರೆಗೆಂದು ರವಿಕೆಯನ್ನೂ ಹೊಲಿದಿಟ್ಟಿದ್ದರು. ಮೂರು ತಟ್ಟೆ ಹಾಕಿ, ಭಾವನಿಗೆ ಬಡಿಸಿ, ನನಗೆ ಬಡಿಸಿ, ತಮಗೂ ಬಡಿಸಿಕೊಂಡು ನನ್ನ ಪಕ್ಕ ಕೂತರು.

ಆತ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಗಂಡುಸ್ರು ಉಣ್ಣೋವಾಗ ಎಂಗುಸ್ರು ಎದ್ರುಗೆ ಕೂರೋದು ಯಾವತ್ತಿಂದ?"

"ಇವತ್ತಿಂದ ಅನ್ಕೊಳಿ ಬಾವ. ಮುದ್ದೆ ಆರೋಯ್ತದೆ, ಉಣ್ಣಿ," ಅಂದರು ಓನರಮ್ಮ. ದನಿ ಏರಿಸಲಿಲ್ಲ.

ಆತ ನನ್ನ ಕಡೆ ತಿರುಗಿ ನೋಡಿದರು. ನೋಡಿದರು, ಅಷ್ಟೇ. ನಾನು ತಟ್ಟೆ ಹಿಡಿದು ಎದ್ದು, ಅಡುಗೆಮನೆಯ ಬಾಗಿಲ ಹತ್ತಿರ ಹೋಗಿ ನಿಂತೆ. ಓನರಮ್ಮ ಕೂತೇ ಇದ್ದರು, ಒಬ್ಬರೇ. ಆತ ತಟ್ಟೆಯಲ್ಲೇ ಕೈ ತೊಳೆದು, ಮದುವೆ ಪತ್ರಿಕೆಗಳಿದ್ದ ಚೀಲ ಎತ್ತಿಕೊಂಡು ಹೊರಟುಹೋದರು. ಇವರಿಗೆ ಪತ್ರಿಕೆ ಕೊಡಲಿಲ್ಲ.

ರವಿಕೆಯನ್ನು ಮದುವೆಗೆ ಹೊರಟಿದ್ದ ಪಕ್ಕದ ಮನೆಯವರ ಕೈಲಿ ಕಳಿಸಿದರು. ಮದುವೆಯ ದಿನವೂ ಎಂದಿನಂತೆ ಮನೆಯಲ್ಲೇ ಅಡುಗೆ ಮಾಡಿದ್ದರು. ತಲೆ ತಗ್ಗಿಸಿ ಉಣ್ಣುತ್ತಿದ್ದ ನನ್ನ ತಟ್ಟೆಗೆ ಸಾರು ಬಿಡುತ್ತಾ ಹೇಳಿದರು: "ಅವತ್ತು ಯಾಕೆದ್ದೆ ಅಂತ ನಾನು ಕೇಳಾಕಿಲ್ಲ ಬುಡವ್ವ. ಕೂರಾಕೆ ನಂಗೇ ಮೂವತ್ತು ವರ್ಸ ಬೇಕಾಯ್ತು."

ತಪ್ಪಾಯಿತು ಅನ್ನಬೇಕಿತ್ತು. ಸಾರಿಗೆ ಮುದ್ದೆ ಅದ್ದಿಕೊಂಡು ಉಣ್ಣುತ್ತಲೇ ಹೋದೆ.

ಮುಂದೆ ನನಗೆ ಕೆ.ಆರ್. ಪೇಟೆಗೆ ವರ್ಗವಾಯಿತು. ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದೆ, ಆಮೇಲೆ ಅದೂ ತಪ್ಪಿತು. ಒಮ್ಮೆ ಮಾಡಿದಾಗ ಯಾರೋ ಎತ್ತಿ, ಅವರು ತೀರಿಕೊಂಡು ತಿಂಗಳ ಮೇಲಾಯಿತು ಅಂದರು. ಮಾತಾಡಿದ್ದು ಯಾರೆಂದು ನಾನು ಕೇಳುವ ಮೊದಲೇ ಫೋನು ಇಟ್ಟುಬಿಟ್ಟರು.

ಈಗ ಪಾಂಡವಪುರದಲ್ಲಿ ನನ್ನದೇ ಮನೆ, ನಾನೊಬ್ಬಳೇ. ಇವತ್ತು ಮಧ್ಯಾಹ್ನ ಹೊಸ ರೆಕ್ಸಿನ್ ಹಾಸಿದ ಮೇಜಿಗೆ ಬಡಿಸಿಕೊಂಡು ಕೂತೆ. ನನ್ನನ್ನು ಏಳಿಸುವವರು ಯಾರೂ ಇಲ್ಲ. ಕೂರುವುದು ಈಗ ಎಷ್ಟು ಸುಲಭ. ಓನರಮ್ಮನ ಪಕ್ಕ ಕೂತಿರಲೇಬೇಕಾದ ದಿನ ಒಂದೇ ಒಂದಿತ್ತು, ಅವತ್ತು ನಾನು ಎದ್ದುಬಿಟ್ಟೆ.