ರಿಂಗ್ ರೈಲಿಗೆ ಹಾಕಿದ ರುಮಾಲು

ಆಟೋದವನು ಅರ್ಧದಾರಿಯಲ್ಲಿ ಕೈಕೊಡಬಹುದಿತ್ತು. ದೆಹಲಿಯ ಸರೋಜಿನಿ ನಗರದ ಮಾರ್ಕೆಟ್ಟು ಎಲ್ಲರಿಗೂ ಗೊತ್ತು, ಅಲ್ಲೊಂದು ರೈಲ್ವೆ ಸ್ಟೇಷನ್ನಿದೆ ಎನ್ನುವುದು ಈಗ ಯಾರಿಗೆ ಗೊತ್ತು? ಹೊಗೆಮಂಜಿಗೆ ಸಾರ್‌ಗೆ ಕೆಮ್ಮು ಹತ್ತಬಹುದಿತ್ತು. ಮೆಟ್ಟಿಲ ಮೇಲೆ ಅವರ ಮಂಡಿ ಮುಷ್ಕರ ಹೂಡಬಹುದಿತ್ತು. ರೈಲೇ ನಿಲ್ಲದ ಪ್ಲಾಟ್‌ಫಾರ್ಮಿನಲ್ಲಿ ನಿಮಗೇನು ಕೆಲಸ ಎಂದು ಯಾರಾದರೂ ಗದರಿಸಬಹುದಿತ್ತು. ನಾಯಿ ಅಟ್ಟಿಸಿಕೊಂಡು ಬರಬಹುದಿತ್ತು. ಹಿಂದೆ ರೈಲಿಗೆ ಕಾಯುತ್ತ ಕೂರುತ್ತಿದ್ದ ನಮ್ಮ ಬೆಂಚನ್ನೇ ಯಾರೋ ಕಿತ್ತುಕೊಂಡು ಹೋಗಿರಬಹುದಿತ್ತು. ಸಾರ್ ಅತ್ತುಬಿಡಬಹುದಿತ್ತು. ಅದಕ್ಕಿಂತ ಕಷ್ಟವೆಂದರೆ, ನಾನು ಅತ್ತು ಅವರು ನನ್ನನ್ನು ಸಮಾಧಾನ ಮಾಡುವ ಗತಿ ಬರಬಹುದಿತ್ತು.

ಇಷ್ಟಕ್ಕೂ ತಯಾರಾಗಿಯೇ ಹೊರಟಿದ್ದೆ. ಚೀಲದಲ್ಲಿ ನೀರು, ಗ್ಲೂಕೋಸು, ಕೆಮ್ಮಿನ ಗುಳಿಗೆ, ನಾಯಿಗೆಂದು ಬಿಸ್ಕತ್ತು. ಹೆಂಡತಿ ಫರೀದಾಬಾದಿನ ತಂಗಿಯ ಮನೆಗೆ ಹೋಗಿದ್ದಳು, ಬರುವುದು ಸಂಜೆಗೆ. ಹಾಗಾಗಿ ಮನೆಯ ಬೀಗದಕೈಯನ್ನು ರುಮಾಲಿನ ತುದಿಗೆ ಗಂಟು ಕಟ್ಟಿ ಜೇಬಿಗಿಟ್ಟುಕೊಂಡಿದ್ದೆ. ಜೇಬಿಗೆ ತೂತು ಬಿದ್ದರೆ ಬೀಗದಕೈ ಜಾರೀತು, ರುಮಾಲು ಜಾರುವುದಿಲ್ಲ ಎಂಬುದು ನನ್ನ ಬಹಳ ವರ್ಷಗಳ ಸಿದ್ಧಾಂತ. ಜೇಬಿಗೆ ಒಮ್ಮೆಯೂ ತೂತು ಬಿದ್ದಿಲ್ಲ, ಆ ಮಾತು ಬೇರೆ.

ಸಾರ್ ನನ್ನ ಮೇಲಧಿಕಾರಿಯಲ್ಲ. ಅವರ ಇಲಾಖೆ ಬೇರೆ, ನನ್ನದು ಬೇರೆ. ನಮ್ಮಿಬ್ಬರನ್ನು ಗಂಟು ಹಾಕಿದ್ದು ರೈಲು. ರಿಟೈರಾದ ಮೇಲೆ ಸಾರ್ ಮಗನ ಕ್ವಾರ್ಟರ್ಸ್‌ನಲ್ಲಿ, ಆರ್.ಕೆ.ಪುರಂನಲ್ಲೇ ಇದ್ದರು. ಈಗ ಮಗನಿಗೆ ವರ್ಗವಾಗಿದೆ, ಇವರು ದಾವಣಗೆರೆಯ ಮಗಳ ಮನೆಗೆ ಹೊರಟಿದ್ದಾರೆ. ಇನ್ನು ದೆಹಲಿಗೆ ಬರುವುದಿಲ್ಲ. ಹೊರಡುವ ಮುಂಚೆ ಕೇಳಿದ್ದು ಒಂದೇ: "ನಮ್ಮ ಬೆಂಚಿನ ಮೇಲೆ ಒಂದ್ಸಲ ಕೂತು ಬರೋಣ ಕಣಯ್ಯಾ." ಅದೊಂದು ಬೆಳಗು ಸರಿಯಾಗಿ ಕಳೆಯಬೇಕು, ಅವರಿಗೆ ಹೇಳಬೇಕಾದದ್ದನ್ನು ನಾನು ಹೇಳಬೇಕು. ಏನು ಹೇಳಬೇಕು ಎಂದು ಗೊತ್ತಿಲ್ಲದೆ ವಾರವಿಡೀ ನಿದ್ದೆ ಕೆಡಿಸಿಕೊಂಡಿದ್ದೆ.

ರಿಂಗ್ ರೈಲಿನ ಹಳಿ ಮೊದಲು ಹಾಕಿದ್ದು ಜನರಿಗಲ್ಲ, ಗೂಡ್ಸ್ ಗಾಡಿಗಳಿಗೆ. ಊರೊಳಗಿನ ದೊಡ್ಡ ಸ್ಟೇಷನ್‌ಗಳ ನೂಕುನುಗ್ಗಲಿಗೆ ಬರದೆ ಹೊರಗಿಂದ ಹೊರಗೇ ಸುತ್ತಿ ಹೋಗಲಿ ಎಂದು. ಏಷ್ಯಾಡ್ ಕ್ರೀಡಾಕೂಟ ಬಂದಾಗ ಸ್ಟೇಷನ್‌ಗಳಿಗೆ ಹೊಸ ಕಳೆ ಬಂತು. ಆಟ ಮುಗಿದು ಆಟಗಾರರು ಊರಿಗೆ ಹೋದರು, ನಮ್ಮಂಥ ಗುಮಾಸ್ತರು ಉಳಿದೆವು. ಬೆಳಿಗ್ಗೆ ಆಫೀಸಿಗೆ, ಸಂಜೆ ಮನೆಗೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಫೀಸಿಗೆಂದು ತಿಲಕ್ ಬ್ರಿಡ್ಜ್ ಕಡೆಗೆ ಹೋಗಬೇಕಾದ ನಾನು ಎದುರು ದಿಕ್ಕಿನ ಚಾಣಕ್ಯಪುರಿ ಕಡೆಯ ಗಾಡಿ ಹತ್ತಿಬಿಟ್ಟೆ. "ಅಯ್ಯೋ ದೇವ್ರೇ" ಎಂದು ನರಳಿದ್ದು ಕೇಳಿ, ಎದುರು ಸೀಟಿನವರು ಪೇಪರು ಇಳಿಸಿದರು.

"ಯಾವೂರಯ್ಯಾ?"

"ಸಾರ್, ಗಾಡಿ ತಪ್ಪು ಹತ್ತಿದೀನಿ, ಸಾರ್."

"ಊರು ಕೇಳಿದ್ರೆ ಕಷ್ಟ ಹೇಳ್ತೀಯಲ್ಲ. ಇದು ಉಂಗುರ ಕಣಯ್ಯಾ. ಯಾವ ಕಡೆಯಿಂದ ಹೋದ್ರೂ ಆಫೀಸು ತಪ್ಪಲ್ಲ. ಲೇಟಾಗುತ್ತೆ, ಅಷ್ಟೆ."

"ತಾವು ಎಲ್ಲಿಗೆ?"

"ತಿಲಕ್ ಬ್ರಿಡ್ಜ್," ಎಂದು ಅವರು ಮತ್ತೆ ಪೇಪರು ಎತ್ತಿಕೊಂಡರು. "ನಾನೂ ತಪ್ಪೇ ಹತ್ತಿರೋದು."

ಆವತ್ತಿನಿಂದ ಗಾಡಿ ನಿಲ್ಲುವ ಮುಂಚೆಯೇ ಕಿಟಕಿಯೊಳಗೆ ರುಮಾಲು ಎಸೆದು ಇಬ್ಬರಿಗೂ ಜಾಗ ಹಿಡಿಯುವುದು ನನ್ನ ಕೆಲಸವಾಯಿತು. ರುಮಾಲು ಬಿದ್ದ ಸೀಟಿನಲ್ಲಿ ಬೇರೆಯವರು ಕೂರುತ್ತಿರಲಿಲ್ಲ; ಆ ಬೋಗಿಯಲ್ಲಿ ಅದೇ ರಿಸರ್ವೇಷನ್ನು. ನನ್ನದಕ್ಕೆ ತುದಿಯಲ್ಲಿ ಗಂಟು ಇರುತ್ತಿದ್ದುದರಿಂದ ಗುರಿ ತಪ್ಪುತ್ತಿರಲಿಲ್ಲ. "ಬೀಗದಕೈ ಸಮೇತ ಎಸೀತೀಯಲ್ಲೋ, ಸೀಟು ಸಿಗದೆ ಇದ್ರೆ ಮನೇನೂ ಹೋಯ್ತು," ಎಂದು ಸಾರ್ ನಗುತ್ತಿದ್ದರು.

ಆಮೇಲೆ ಮೆಟ್ರೋ ಬಂತು. ನಮ್ಮ ಸ್ಟೇಷನ್‌ಗಳಿದ್ದಲ್ಲಿ ಬಸ್ಸು ಇರಲಿಲ್ಲ, ಬಸ್ಸು ಇದ್ದಲ್ಲಿ ಸ್ಟೇಷನ್ ಇರಲಿಲ್ಲ. ಜನ ಕರಗಿದರು, ಗಾಡಿಗಳೂ ಕರಗಿದವು. ಕೊರೊನಾದಲ್ಲಿ ನಿಂತ ನಮ್ಮ ಗಾಡಿ ಮತ್ತೆ ಹೊರಡಲೇ ಇಲ್ಲ.

ಆ ಬೆಳಿಗ್ಗೆ ಆಟೋದವನು ಕೈಕೊಡಲಿಲ್ಲ, ಕಾಯುತ್ತೇನೆಂದು ಗೇಟಿನ ಬಳಿಯೇ ನಿಂತ. ಮಂಡಿ ಸಹಕರಿಸಿತು. ಯಾರೂ ಏನೂ ಕೇಳಲಿಲ್ಲ. ಪ್ಲಾಟ್‌ಫಾರ್ಮಿನ ಕಂಬಿಗಳ ಮೇಲೆ ಚಳಿಗೆ ಹೊದೆಯುವ ರಜಾಯಿ ಒಣಹಾಕುತ್ತಿದ್ದ ಹೆಂಗಸು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಬಿಸಿಲಿಗೆ ಮಲಗಿದ್ದ ನಾಯಿ ಬಿಸ್ಕತ್ತು ಮೂಸಿ ಬಿಟ್ಟಿತು. ಬೆಂಚು ಇತ್ತು. ಕೂತೆವು. ಹೇಳಬೇಕಾದದ್ದನ್ನು ಹೇಳಲು ಬಾಯಿ ತೆರೆದೆ.

"ಸಾರ್, ಬಿಪಿ ಗುಳಿಗೆ ತಗೊಂಡ್ರಾ?" ಎಂದೆ.

"ತಗೊಂಡೆ."

ಅಷ್ಟರಲ್ಲಿ ದೂರದಲ್ಲಿ ಹಾರ್ನ್ ಕೇಳಿಸಿತು. ಸಾರ್ ಎದ್ದು ನಿಂತರು. "ಬಂತು ನೋಡು. ಜಾಗ ಹಿಡಿ, ಇಲ್ದಿದ್ರೆ ಆ ರಜಾಯಿ ಇಲ್ಲೂ ಬರುತ್ತೆ." ನಾನು ಬೆಂಚಿನ ಮೇಲೆ ರುಮಾಲು ಹಾಸಿ ಅವರ ಹಿಂದೆ ಓಡಿದೆ. ಅಂಚಿಗೆ ಹೋದಾರೆಂದು ಅವರ ಸ್ವೆಟರಿನ ತುದಿ ಹಿಡಿದುಕೊಂಡೆ. ಗೂಡ್ಸ್ ಗಾಡಿ ಕಂಟೇನರುಗಳನ್ನು ಹೊತ್ತು ನೆಲ ನಡುಗಿಸುತ್ತ ಹಾದುಹೋಯಿತು. ಒಂದಕ್ಕೂ ಕಿಟಕಿ ಇರಲಿಲ್ಲ.

"ನಿಲ್ಸಲ್ಲ, ಅಲ್ವಾ?"

"ಇಲ್ಲ ಸಾರ್."

"ಅಚ್ಛಾ. ಚಲೋ." ತಿರುಗಿ ನೇರ ಮೆಟ್ಟಿಲ ಕಡೆ ನಡೆದೇಬಿಟ್ಟರು. ಮಂಡಿಯ ಚಿಂತೆಯಲ್ಲಿ ನಾನು ಅವರ ಬೆನ್ನಿಗೇ ಇಳಿದೆ.

ಆಟೋ ಹತ್ತಿ ಆರ್.ಕೆ.ಪುರಂಗೆ ಹೊರಟೆವು. ಅವರ ಗೇಟು ಬಂತು. ಅವರು ಒಂದು ಕಾಲು ಕೆಳಗಿಟ್ಟು, "ಸರಿ ಹಾಗಾದ್ರೆ," ಎಂದರು. "ಸರಿ ಸಾರ್," ಎಂದೆ. ಕಣ್ಣು ಒದ್ದೆಯಾದಂತಾಗಿ ಜೇಬಿಗೆ ಕೈ ಹಾಕಿದೆ. ಆ ಜೇಬು, ಈ ಜೇಬು, ಚೀಲ.

"ಏನಾಯ್ತೋ?"

"ರುಮಾಲು, ಸಾರ್. ಬೆಂಚಿನ ಮೇಲೇ ಉಳೀತು."

"ಒಂದು ರುಮಾಲಿಗೆ ಇಷ್ಟು ಮುಖ ಬಾಡಿಸ್ಕೋತೀಯಾ? ನಂದು ತಗೋ."

"ಗಂಟು, ಸಾರ್."

ಅವರು ನನ್ನ ಮುಖವನ್ನೇ ನೋಡಿದರು. ಕೆಳಗಿಟ್ಟ ಕಾಲನ್ನು ಮತ್ತೆ ಆಟೋದೊಳಗೆ ಎಳೆದುಕೊಂಡರು.

"ಸರಕೊಳ್ಳೋ ಆ ಕಡೆ," ಎಂದರು. "ಭಯ್ಯಾ, ವಾಪಸ್ ಚಲೋ."