ಹುಣಸೆಹಣ್ಣು ತಿಕ್ಕಿದ ತಗಡು

ವಡೋದರಾಕ್ಕೆ ವರ್ಗವಾಗಿ ಬಂದ ಮೂರನೆಯ ವರ್ಷ ನಮ್ಮ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ವಿಮಾ ಕಚೇರಿಯ ನೌಕರಿಯೂ ಹೋಯಿತು. ನಮ್ಮೂರು ಧಾರವಾಡಕ್ಕೆ ಮರಳಿ ಹೋಗೋಣ ಎಂದರೆ, "ಹಿಂಗ ಕೈ ಜೋತಾಡಿಸ್ಕೊಂಡು ನಾ ಬರಂಗಿಲ್ಲ. ಮೊದಲ ಇದು ನೆಟ್ಟಗಾಗಲಿ" ಅಂದರು. ಫತೇಗಂಜ್‌ನಲ್ಲಿ ಹಳೆಯ ಮನೆಯೊಂದರ ಕೆಳಮಹಡಿ ಬಾಡಿಗೆಗೆ ಹಿಡಿದು ನಾನು ಹಾಸ್ಟೆಲ್ ಹುಡುಗಿಯರಿಗೆ ಊಟ ಹಾಕತೊಡಗಿದೆ.

ಊಟದ ಕೋಣೆಯ ಮಾಳಿಗೆಯಿಂದ ಗಾರೆ ಉದುರುತ್ತಿತ್ತು. ಅದಕ್ಕೆ ಒಳಗಿನಿಂದ ಹೊಡೆಸಲು, ಕೆಡವಿದ ಬಂಗಲೆಯೊಂದರ ಒಳಛಾವಣಿಯ ಕಬ್ಬಿಣದ ತಗಡುಗಳು ಗುಜರಿಯಲ್ಲಿ ಸಿಕ್ಕವು. ತಗಡಿನ ಮೇಲೆಲ್ಲ ಹೂಬಳ್ಳಿಯ ಉಬ್ಬು. "ಇವಕ್ಕ ಬಣ್ಣ ನಾನ ಬಳೀತೀನಿ" ಅಂದರು ಯಜಮಾನರು. ನನಗೆ ಹೆದರಿಕೆ. ಆದರೆ ವ್ಯಾಯಾಮ ಹೇಳಿಕೊಡುವ ಡಾಕ್ಟರು, ಬಳಿಯಲಿ, ಕೆಲಸವಿಲ್ಲದೆ ಬಿಟ್ಟರೆ ಕೈ ಮರಗಟ್ಟುತ್ತದೆ ಎಂದುಬಿಟ್ಟರು.

ಪಕ್ಕದ ಗಲ್ಲಿಯ ಪೇಂಟರ್ ಮುದುಕ ತಗಡುಗಳ ಹಳೆಯ ಬಣ್ಣ ಕೆರೆದು ಕೊಟ್ಟ. ತುಕ್ಕನ್ನು ಎಮರಿ ಕಾಗದದಲ್ಲಿ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ, ಆಮೇಲೆ ಪ್ರೈಮರ್ ಹಚ್ಚಿ ಎಂದು ಹೇಳಿ ಹೋದ. ಕೇಳುವವಳೇ ನಾನು? ಉಬ್ಬುಹೂವಿನ ಎಸಳುಗಳ ಸಂದಿಗೆ ಕಾಗದ ಹೋಗುತ್ತಿರಲಿಲ್ಲ. ಹಬ್ಬಕ್ಕೆ ತಾಮ್ರದ ಹಂಡೆ ಬೆಳಗಿ ಬೆಳಗಿ ಪಳಗಿದ ಕೈ ನನ್ನದು. ಹುಣಸೆಹಣ್ಣು, ಉಪ್ಪು ಹಾಕಿ ಗಸಗಸ ತಿಕ್ಕಿದೆ. ನೀರು ಸುರಿದರೆ ಮತ್ತೆ ತುಕ್ಕು ಹಿಡಿದೀತೆಂದು ತೊಳೆಯಲೂ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟೆ. ತಗಡು ಬೆಳ್ಳಗೆ ಹೊಳೆಯಿತು. "ನಿನ್ನ ಮುಂದ ಯಾವ ಪೇಂಟರ್ ಬಿಡ!" ಎಂದು ಅವರು ನಕ್ಕರು. ನಾನೂ ಉಬ್ಬಿದೆ, ಕತ್ತೆ.

ಮೊದಮೊದಲು ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ಬಳಿಯುತ್ತಿದ್ದರು. ಒಂದು ತಗಡಿಗೆ ಎರಡು ದಿನ. ಬ್ರಷ್ಷು ಬಿದ್ದರೆ ಬೈಗುಳ, ಎತ್ತಿಕೊಡಲು ಹೋದರೆ ನನಗೂ ಬೈಗುಳ. ಬರುಬರುತ್ತ ಎಡಗೈಯ ಆಸರೆ ಬಿಟ್ಟರು. ಕೊನೆಯ ತಗಡು ಮುಗಿದ ದಿನ ಅನ್ನ ಸಾರು ಬಲಗೈಯಲ್ಲೇ ಕಲಸಿ ಉಂಡರು. ನಾನು ಒಲೆಯ ಕಡೆ ತಿರುಗಿ ಅತ್ತೆ. ಮೇ ತಿಂಗಳಲ್ಲಿ ತಗಡುಗಳನ್ನು ಮಾಳಿಗೆಯ ಒಳಮೈಗೆ ಕೂರಿಸಿದೆವು.

ಮಳೆ ಹಿಡಿದ ಎರಡೇ ವಾರಕ್ಕೆ ಬಣ್ಣ ಗುಳ್ಳೆಯೆದ್ದಿತು. ಒಂದು ಮಧ್ಯಾಹ್ನ ಹುಡುಗಿಯೊಬ್ಬಳ ದಾಲ್‌ಗೆ ಚಕ್ಕೆ ಬಿತ್ತು. "ಆಂಟಿ, ಯೇ ಕ್ಯಾ ಗಿರಾ?" ಎಂದಳು. ಅಲ್ಲೇ ಕೂತಿದ್ದ ಯಜಮಾನರು ಮೇಲೆ ನೋಡಿದರು, ತಮ್ಮ ಕೈ ನೋಡಿಕೊಂಡರು. "ನನ್ನ ಕೈದ ತಪ್ಪು. ಬಣ್ಣ ಸರಿ ಕೂತಿಲ್ಲ" ಎಂದು ಒಳಗೆ ಹೋದರು.

ಮುದುಕನನ್ನು ಕರೆಸಿದೆ. ಏಣಿ ಹತ್ತಿ ಚಕ್ಕೆ ಎಬ್ಬಿಸಿದ. ಅಡಿಯಲ್ಲಿ ಕೆಂಪು ತುಕ್ಕು. "ಇಸ್ ಪೇ ಖಟಾಯಿ ಲಗಾಯಾ ಥಾ, ಬೆನ್?" ಎಂದ. ಹುಳಿ ಸಂದಿಯಲ್ಲೇ ಉಳಿದು ತಗಡನ್ನು ತಿಂದಿದೆಯಂತೆ, ಬಳಿದವರ ತಪ್ಪೇನಿಲ್ಲವಂತೆ. ನಾನು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದೆ. ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮದುವೆಯಾದಾಗಿನಿಂದ ಅವರೆದುರು ತಪ್ಪಾಯಿತು ಎಂದವಳಲ್ಲ ನಾನು. ಊಟವಾಗಲಿ, ನಾಳೆಯಾಗಲಿ, ಮನಸ್ಸು ತಿಳಿಯಾಗಲಿ ಎಂದು ದಿನ ದೂಡಿದೆ. ಮುದುಕ ತಗಡು ಇಳಿಸಿ, ತೊಳೆದು ಒಣಗಿಸಿ, ಮತ್ತೆ ಬಳಿದುಕೊಟ್ಟ.

ಅವರು ವ್ಯಾಯಾಮ ಬಿಟ್ಟರು. ಜುಲುಮೆ ಮಾಡಿದರೆ, "ಸಾಕ ಬಿಡು, ಅದರ ಕಡಿಂದ ಆಗೂದಿಲ್ಲ" ಅನ್ನುತ್ತಿದ್ದರು. ಬೆರಳುಗಳು ಒಂದೊಂದಾಗಿ ಅಂಗೈಯೊಳಗೆ ಮಡಚಿಕೊಂಡವು. ಇನ್ನು ಬಿಡಿಸಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಮನೆಗೆ ಬಂದು, ಅವರಿಗೆ ತುತ್ತು ಕೊಡುತ್ತ ಬಾಯಿಬಿಟ್ಟೆ. "ರೀ, ಆ ಬಣ್ಣ ಕೆಟ್ಟಿದ್ದು ನನ್ನಿಂದ. ನಾ ಹುಣಸಿಹಣ್ಣು ತಿಕ್ಕಿದ್ದೆ, ತೊಳೀಲಿಲ್ಲ. ಪೇಂಟರ್ ಅವತ್ತ ಹೇಳಿದ್ದ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಹಂಗಾರ ನಾ ಬಳದದ್ದು ಛಲೋನ ಇತ್ತೇನು?" ಎಂದು ಕೇಳಿದರು.

"ಛಲೋನ ಇತ್ರಿ."

ಅವರು ಬಲಗೈಯನ್ನು ತೊಡೆಯ ಮೇಲಿನಿಂದ ಎತ್ತಲು ನೋಡಿದರು. ಅದು ಏಳಲಿಲ್ಲ.